ತೇಗದ ಹಡಗು ಟ್ರಿಂಕೋಮಲಿ

ಟ್ರಿಂಕೋಮಲಿ ಬ್ರಿಟಿಷ್ ರಾಜ ನೌಕಾಪಡೆಗೆಂದು ಮುಂಬಯಿಯಲ್ಲಿ ಕಟ್ಟಿದ ಹಾಯಿ ಯುದ್ಧನೌಕೆ. 1817ರ ಅಕ್ಟೋಬರ್ 12ರಂದು ಅದು ನೀರಿಗಿಳಿಯಿತು. ಎರಡು ಶತಮಾನ ಕಳೆದರೂ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲ್ ಪಟ್ಟಣದಲ್ಲಿ ಇನ್ನೂ ನೀರಿನ ಮೇಲೆಯೇ ಇದೆ. ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಅಡ್ಮಿರಲ್ ನೆಲ್ಸನ್‌ನ ಹಡಗು ವಿಕ್ಟರಿ 1765ರಷ್ಟು ಹಳೆಯದೇನೋ ಹೌದು, ಆದರೆ ಅದು 1922ರಿಂದ ಪೋರ್ಟ್ಸ್‌ಮತ್‌ನ ಒಣ ಡಾಕ್‌ನಲ್ಲಿ ಆಸರೆಗಳ ಮೇಲೆ ಕುಳಿತಿದೆ. ಟ್ರಿಂಕೋಮಲಿಯ ಸೇವಾ ಚರಿತ್ರೆಯಲ್ಲಿ ಹೆಸರಾದ ಕಾಳಗ ಒಂದೂ ಇಲ್ಲ. ಕಾಳಗಗಳಲ್ಲಿ ಹೆಸರು ಮಾಡಿದ ಎಷ್ಟೋ ಹಡಗುಗಳು ಮಣ್ಣುಪಾಲಾದ ಮೇಲೂ ಇದು ಉಳಿದದ್ದು ಹೇಗೆ ಎಂಬುದೇ ಅದರ ಚರಿತ್ರೆಯ ಮುಖ್ಯ ವಿಷಯ. ಉತ್ತರದ ದೊಡ್ಡ ಪಾಲು ಅದನ್ನು ಕಟ್ಟಿದ ಮರದಲ್ಲಿದೆ, ಉಳಿದದ್ದು ಕಟ್ಟಿದ ಕೈಗಳಲ್ಲಿ ಮತ್ತು ಅದಕ್ಕೆ ಒದಗಿದ ದೀರ್ಘ ವಿಶ್ರಾಂತಿಯಲ್ಲಿ.

ಬ್ರಿಟನ್ ತನ್ನ ಯುದ್ಧನೌಕೆಯನ್ನು ಭಾರತದಲ್ಲಿ ಕಟ್ಟಿಸಬೇಕಾಗಿ ಬಂದುದಕ್ಕೆ ಕಾರಣ ಓಕ್ ಮರದ ಬರ. ವಿಕ್ಟರಿಯಂಥ ಒಂದು ದೊಡ್ಡ ನೌಕೆಗೆ ಸುಮಾರು 6,000 ಮರಗಳು ಬೇಕಾಗಿದ್ದವು, ಅವುಗಳಲ್ಲಿ ಬಹುಪಾಲು ಓಕ್. ಹಡಗಿಗೆ ಒದಗುವಂಥ ಓಕ್ ಬೆಳೆಯಲು ನೂರು ವರ್ಷ ಹಿಡಿಯುತ್ತದೆ. ಅದರಲ್ಲೂ ಹಡಗಿನ ಬಾಗಿದ ಪಕ್ಕೆಲುಬುಗಳಿಗೆ ಬಾಗಿಯೇ ಬೆಳೆದ ಕೊಂಬೆಗಳು ಬೇಕು. ನೇರ ದಿಮ್ಮಿಯನ್ನು ಬಾಗಿದ ಆಕಾರಕ್ಕೆ ಕೊಯ್ದರೆ ಅದರ ನಾರು ಅಡ್ಡಡ್ಡ ಕತ್ತರಿಸಿಹೋಗಿ ಬಲ ಕುಂದುತ್ತದೆ. 1793ರಲ್ಲಿ ಫ್ರಾನ್ಸಿನೊಂದಿಗೆ ಶುರುವಾದ ಯುದ್ಧ, ನಡುವಿನ ಚಿಕ್ಕ ಬಿಡುವನ್ನು ಬಿಟ್ಟರೆ, 1815ರವರೆಗೆ ನಡೆಯಿತು. ಅಷ್ಟೂ ಕಾಲ ಹಡಗುಗಳಿಗೆ ಬೇಡಿಕೆ ಏರುತ್ತಲೇ ಹೋಯಿತು. ಕಾಡು ಮಾತ್ರ ತನ್ನ ವೇಗದಲ್ಲೇ ಬೆಳೆಯುತ್ತಿತ್ತು.

ಅವಸರದಲ್ಲಿ ಹಸಿ ಓಕ್ ಬಳಸಿದ್ದರ ಫಲ ಭೀಕರವಾಗಿತ್ತು. ಕಡಿದ ಮರದಲ್ಲಿರುವ ನೀರಿನಂಶ ನಿಧಾನವಾಗಿ ಇಳಿಯಬೇಕು, ಇದಕ್ಕೆ ವರ್ಷಗಳು ಬೇಕು. ಮರ ಕೊಳೆಯಿಸುವ ಶಿಲೀಂಧ್ರಗಳಿಗೆ ತೇವ, ಗಾಳಿ ಮತ್ತು ಹಿತವಾದ ಬಿಸಿ ಮೂರೂ ಬೇಕು. ಮರದ ತೂಕದಲ್ಲಿ ಸುಮಾರು ಐದನೇ ಒಂದು ಭಾಗಕ್ಕಿಂತ ಹೆಚ್ಚು ನೀರಿದ್ದರೆ ಅವು ಚಿಗುರಿಕೊಳ್ಳುತ್ತವೆ. ಹಸಿ ಮರದಿಂದ ಕಟ್ಟಿ, ಗಾಳಿಯಾಡದಂತೆ ಮುಚ್ಚಿ, ಬಂದರಿನಲ್ಲಿ ನಿಲ್ಲಿಸಿದ ಹಡಗಿನ ಒಡಲು ಅವುಗಳಿಗೆ ಹೇಳಿ ಮಾಡಿಸಿದ ಜಾಗ. 1810ರಲ್ಲಿ ನೀರಿಗಿಳಿದ ಕ್ವೀನ್ ಷಾರ್ಲೆಟ್ ಎಂಬ ಭಾರೀ ನೌಕೆ ಸಮುದ್ರಕ್ಕೆ ಹೊರಡುವ ಮೊದಲೇ ಒಳಗಿನಿಂದ ಕೊಳೆತುಹೋಗಿತ್ತು. ಅದರ ತೊಲೆಗಳ ಮೇಲೆ ಬೆಳೆದಿದ್ದ ಅಣಬೆಗಳನ್ನು ಪರೀಕ್ಷಿಸಲು ಸರ್ಕಾರ ಜೇಮ್ಸ್ ಸೋವರ್ಬಿ ಎಂಬ ಪ್ರಸಿದ್ಧ ನಿಸರ್ಗವಿಜ್ಞಾನಿಯನ್ನು ಕರೆಸಿತು. ನೌಕಾಪಡೆಯ ದೊಡ್ಡ ಶತ್ರು ಶಿಲೀಂಧ್ರ ಎಂಬುದು ಆಗ ಎಲ್ಲರ ಕಣ್ಣಿಗೂ ಬಿದ್ದಿತು.

ಈ ಸಂಕಟಕ್ಕೆ ಪಶ್ಚಿಮ ಘಟ್ಟದ ತೇಗ ಸಿದ್ಧ ಉತ್ತರವಾಗಿತ್ತು. ಸಾಗುವಾನಿ ಎಂದು ನಾವು ಬಾಗಿಲು, ಮಂಚಗಳಿಗೆ ಬಳಸುವ ಮರವೇ ಅದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಟೆಕ್ಟೋನಾ ಗ್ರಾಂಡಿಸ್. ತೇಗದ ಹೊರವಲಯದ ಬಿಳಿಮರಕ್ಕೆ ವಿಶೇಷ ಶಕ್ತಿಯಿಲ್ಲ, ಇರುವುದೆಲ್ಲ ಒಳಗಿನ ಚೇಗಿನಲ್ಲಿ. ಮರ ಬೆಳೆದಂತೆ ಒಳಗಿನ ಜೀವಕೋಶಗಳು ಸಾಯುತ್ತವೆ. ಸಾಯುವ ಮುನ್ನ ಅವು ಎಣ್ಣೆಯಂಶ, ರಬ್ಬರಿನಂಥ ಅಂಟು ಮತ್ತು ಕ್ವಿನೋನ್ ಗುಂಪಿನ ರಾಸಾಯನಿಕಗಳನ್ನು ತುಂಬಿಟ್ಟು ಹೋಗುತ್ತವೆ. ಟೆಕ್ಟೋಕ್ವಿನೋನ್ ಎಂಬುದು ಇಂಥ ಒಂದು ಸಂಯುಕ್ತ, ಗೆದ್ದಲಿಗೆ ಅದು ಆಗದು. ಎಣ್ಣೆಯೂ ಅಂಟೂ ನೀರನ್ನು ಒಳಗೆ ಬಿಡುವುದಿಲ್ಲ, ಕ್ವಿನೋನ್‌ಗಳು ಶಿಲೀಂಧ್ರವನ್ನು ಬೇರೂರಲು ಬಿಡುವುದಿಲ್ಲ. ಒಣಗುವಾಗ ತೇಗ ಓಕ್‌ಗಿಂತ ಬಹಳ ಕಡಿಮೆ ಕುಗ್ಗುತ್ತದೆ. ಬೇಸಿಗೆ, ಮಳೆ, ಚಳಿ ಯಾವುದು ಬಂದರೂ ಹಲಗೆಗಳ ನಡುವಿನ ಸಂದು ಬಿರಿಯುವುದಿಲ್ಲ. ಹಡಗಿಗೆ ಇದು ಪ್ರಾಣದ ಪ್ರಶ್ನೆ.

ಇನ್ನೊಂದು ಗುಣ ಕಬ್ಬಿಣದೊಂದಿಗೆ ತೇಗಕ್ಕಿರುವ ಹೊಂದಾಣಿಕೆ. ಓಕ್‌ನಲ್ಲಿ ಟ್ಯಾನಿನ್ ಮತ್ತು ಆಮ್ಲಗಳು ತುಂಬ ಇವೆ. ಒದ್ದೆಯಾದಾಗ ಅವು ಕಬ್ಬಿಣದ ಮೊಳೆಯನ್ನು ತಿನ್ನುತ್ತವೆ, ತುಕ್ಕು ತಿರುಗಿ ಮರವನ್ನು ತಿನ್ನುತ್ತದೆ, ಮೊಳೆಯ ಸುತ್ತ ಕಪ್ಪು ಕಲೆ ಹರಡಿ ಹಿಡಿತ ಸಡಿಲವಾಗುತ್ತದೆ. ತೇಗದ ಎಣ್ಣೆ ಮೊಳೆಯನ್ನು ಸುತ್ತುವರಿದು ಕಾಯುತ್ತದೆ. ಮುಂದೆ ಕಬ್ಬಿಣದ ಕವಚದ ನೌಕೆಗಳು ಬಂದಾಗಲೂ ಈ ಗುಣ ಕೆಲಸಕ್ಕೆ ಬಂತು. 1860ರ ವಾರಿಯರ್ ನೌಕೆಯಲ್ಲಿ ನಾಲ್ಕೂವರೆ ಅಂಗುಲದ ಕಬ್ಬಿಣದ ಹಾಳೆಯ ಹಿಂದೆ 18 ಅಂಗುಲ ದಪ್ಪದ ತೇಗವನ್ನು ಒತ್ತಿ ಕೂರಿಸಿದ್ದರು. ಇಷ್ಟಿದ್ದರೂ ನಾವಿಕರಲ್ಲಿ ತೇಗದ ಬಗ್ಗೆ ಒಂದು ಅಂಜಿಕೆ ಇತ್ತು. ಫಿರಂಗಿ ಗುಂಡು ಬಡಿದಾಗ ಹಾರುವ ಸಿಬಿರು ಮೈಗೆ ಚುಚ್ಚಿದರೆ ಓಕ್‌ನ ಗಾಯಕ್ಕಿಂತ ತೇಗದ ಗಾಯ ಹೆಚ್ಚು ಕೀವುಗಟ್ಟುತ್ತದೆ ಎಂದು ಅವರು ನಂಬಿದ್ದರು.

ತೇಗವನ್ನು ಕಾಡಿನಿಂದ ಕಡಲಿಗೆ ತರುವುದೇ ದೊಡ್ಡ ಕೆಲಸ. ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ. ಅದಕ್ಕಾಗಿ ನಿಂತ ಮರದ ಬುಡದಲ್ಲಿ ತೊಗಟೆಯನ್ನೂ ಬಿಳಿಮರವನ್ನೂ ಸುತ್ತಲೂ ಕಡಿದು, ಮರ ನಿಂತಲ್ಲೇ ಒಣಗಲು ಬಿಟ್ಟು, ಆಮೇಲೆ ಉರುಳಿಸುವ ಕ್ರಮ ತೇಗದ ಕಾಡುಗಳಲ್ಲಿತ್ತು. ಆನೆಗಳು ದಿಮ್ಮಿಗಳನ್ನು ಹೊಳೆಗೆ ಎಳೆದು ತರುತ್ತಿದ್ದವು, ಮಳೆಗಾಲದ ಪ್ರವಾಹ ಅವನ್ನು ಕರಾವಳಿಗೆ ತಲುಪಿಸುತ್ತಿತ್ತು. ಈ ಕಾಡುಗಳ ಬೆಲೆ ಬ್ರಿಟಿಷರಿಗಿಂತ ಮೊದಲು ಇಲ್ಲಿಯವರಿಗೆ ಗೊತ್ತಿತ್ತು. 1796ರಲ್ಲಿ ಟಿಪ್ಪು ಸುಲ್ತಾನ್ ಹೊಸ ನೌಕಾಪಡೆಯ ಯೋಜನೆ ಹಾಕಿದಾಗ ಮಂಗಳೂರು, ಮಿರ್ಜಾನ್ ಮೊದಲಾದ ಕಡೆ ಹಡಗು ಕಟ್ಟಲು ನಂಬಿದ್ದು ಘಟ್ಟದ ಮರವನ್ನೇ. 1799ರಲ್ಲಿ ಅವನ ಪತನವಾದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಸೇರಿತು. ಮಲಬಾರ್ ಅದಕ್ಕೂ ಮೊದಲೇ ಸೇರಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯಗಳ ಸಂರಕ್ಷಣಾಧಿಕಾರಿಯಾಗಿ ನೇಮಿಸಿದ್ದರ ಉದ್ದೇಶ ನೌಕಾಪಡೆಗೆ ತೇಗ ಒದಗಿಸುವುದು. ಸಂರಕ್ಷಣೆ ಎಂಬ ಹೆಸರಿನಲ್ಲಿ ನಡೆದದ್ದು ಏಕಸ್ವಾಮ್ಯದ ಕಡಿತ. ರೈತರ, ವ್ಯಾಪಾರಿಗಳ ದೂರು ಹೆಚ್ಚಿ 1823ರಲ್ಲಿ ಆ ಹುದ್ದೆ ರದ್ದಾಯಿತು. ಟ್ರಿಂಕೋಮಲಿಯ ಮರ ಹೋದದ್ದು ಈ ನಡುವಿನ ವರ್ಷಗಳಲ್ಲಿ, ಮಲಬಾರಿನ ಕಾಡುಗಳಿಂದ.

ಹಡಗು ಕಟ್ಟುವ ಜಾಗವಾಗಿ ಮುಂಬಯಿಗೆ ಒಂದು ನೈಸರ್ಗಿಕ ಅನುಕೂಲವಿತ್ತು. ಅಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡದು. ಉಬ್ಬರದಲ್ಲಿ ಹಡಗನ್ನು ಕಲ್ಲಿನ ಡಾಕ್‌ನೊಳಗೆ ತಂದು, ಇಳಿತದಲ್ಲಿ ನೀರು ಹೊರಟುಹೋದ ಮೇಲೆ ಬಾಗಿಲು ಮುಚ್ಚಿದರೆ ತಳದವರೆಗೆ ಕೆಲಸ ಮಾಡಬಹುದು. 1750ರ ದಶಕದಿಂದಲೇ ಅಲ್ಲಿ ಒಣ ಡಾಕ್ ಇತ್ತು. ದೊಡ್ಡ ಯುದ್ಧನೌಕೆಗಳಿಗೆಂದು 1807ರಿಂದ ಡಂಕನ್ ಡಾಕ್ ಕಟ್ಟಿದರು. ಅನುಕೂಲವನ್ನು ಹಡಗಾಗಿಸಿದವರು ವಾಡಿಯಾ ಮನೆತನದ ಪಾರಸಿಗಳು. ಸೂರತ್ತಿನ ಬಡಗಿ ಲವ್ಜಿ ನಸರ್ವಾನ್‌ಜಿ 1736ರ ಹೊತ್ತಿಗೆ ಮುಂಬಯಿಗೆ ಬಂದ. ನೂರು ವರ್ಷಕ್ಕೂ ಹೆಚ್ಚು ಕಾಲ ಡಾಕ್‌ನ ಮೇಸ್ತ್ರಿಯ ಪಟ್ಟ ಅವನ ವಂಶದಲ್ಲೇ ಉಳಿಯಿತು. ಟ್ರಿಂಕೋಮಲಿಯನ್ನು ಕಟ್ಟಿದ ಜಮ್‌ಶೆಟ್‌ಜಿ ಬೊಮನ್‌ಜಿ ಅವನ ಮೊಮ್ಮಗ. 1810ರಲ್ಲಿ 74 ಫಿರಂಗಿಗಳ ಮಿಂಡನ್ ನೌಕೆಯನ್ನೂ 1813ರಲ್ಲಿ ಕಾರ್ನ್‌ವಾಲಿಸ್ ನೌಕೆಯನ್ನೂ ಕಟ್ಟಿದವನು ಅವನೇ. 1842ರಲ್ಲಿ ಚೀನಾದೊಂದಿಗೆ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾರ್ನ್‌ವಾಲಿಸ್‌ನ ಮೇಲೆ. ಈ ಹಡಗುಗಳ ಗುಣ ಹೊರಬಿದ್ದಷ್ಟೂ ಥೇಮ್ಸ್ ತೀರದ ಹಡಗು ಕಟ್ಟುವವರು ಭಾರತದ ಹಡಗುಗಳ ವಿರುದ್ಧ ಗದ್ದಲ ಎಬ್ಬಿಸಿದರು. 1814ರಲ್ಲಿ ಈ ವಿಷಯ ಸಂಸತ್ತಿನ ಸಮಿತಿಯ ಮುಂದೆ ವಿಚಾರಣೆಗೆ ಬಂತು.

ಟ್ರಿಂಕೋಮಲಿ ಮತ್ತು ಅದರ ಜೊತೆಯ ಆಂಫಿಟ್ರೈಟ್ ಎಂಬ ಎರಡು ಫ್ರಿಗೇಟ್‌ಗಳನ್ನು ಮುಂಬಯಿಯಲ್ಲಿ ಕಟ್ಟಬೇಕೆಂದು 1812ರ ಅಕ್ಟೋಬರ್‌ನಲ್ಲಿ ಆದೇಶವಾಯಿತು. ಫ್ರಿಗೇಟ್ ಎಂದರೆ ಸಾಲುಗಟ್ಟಿ ಹೋರಾಡುವ ಭಾರೀ ನೌಕೆಗಿಂತ ಹಗುರ, ವೇಗ ಹೆಚ್ಚು. ಶತ್ರುವಿನ ಸುಳಿವು ಹುಡುಕುವುದು, ವ್ಯಾಪಾರಿ ಹಡಗುಗಳಿಗೆ ಕಾವಲು, ದೂರದ ಕಡಲುಗಳ ಗಸ್ತು ಅದರ ಪಾಲಿನ ಕೆಲಸಗಳು. ವಿನ್ಯಾಸ ಮೂಲದಲ್ಲಿ ಫ್ರೆಂಚರದು. 1782ರಲ್ಲಿ ಬ್ರಿಟಿಷರಿಗೆ ಸಿಕ್ಕಿಬಿದ್ದ ಹೇಬೆ ಎಂಬ ನೌಕೆಯ ಗೆರೆಗಳನ್ನು ಅಳೆದು, ಅದರ ಮೇಲೆ ಲೀಡಾ ವರ್ಗದ ಫ್ರಿಗೇಟ್‌ಗಳನ್ನು ರೂಪಿಸಿದ್ದರು. ಹೇಬೆಯ ಶಿಲ್ಪಿ ಜಾಕ್-ನೊಯೆಲ್ ಸಾನೆ ಆ ಕಾಲದ ಅತ್ಯುತ್ತಮ ನೌಕಾವಿನ್ಯಾಸಕರಲ್ಲಿ ಒಬ್ಬ. ಶತ್ರುವಿನ ಒಳ್ಳೆಯ ಕೆಲಸವನ್ನು ನಾಚಿಕೆಯಿಲ್ಲದೆ ಕಲಿತದ್ದು ಬ್ರಿಟಿಷ್ ನೌಕಾಪಡೆಯ ಬಲಗಳಲ್ಲಿ ಒಂದೆಂದೇ ಹೇಳಬೇಕು.

ನಕ್ಷೆಗಳು ಜಾವಾ ಎಂಬ ಫ್ರಿಗೇಟ್‌ನಲ್ಲಿ ಹೊರಟವು. ಅದೇ ಹಡಗಿನಲ್ಲಿ ಮುಂಬಯಿಗೆ ನಿಯೋಜಿತನಾಗಿದ್ದ ಸೇನಾಧಿಕಾರಿ ಥಾಮಸ್ ಹಿಸ್ಲಪ್ ಇದ್ದ, ಮುಂಬಯಿಯ ಹಡಗುಗಳಿಗೆ ಬೇಕಾದ ತಾಮ್ರವೂ ಇತ್ತು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ, ಆಗ ಬ್ರಿಟನ್ನಿನೊಂದಿಗೆ ಯುದ್ಧದಲ್ಲಿದ್ದ ಅಮೆರಿಕದ ಕಾನ್ಸ್ಟಿಟ್ಯೂಷನ್ ನೌಕೆ ಜಾವಾವನ್ನು ಎದುರಿಸಿತು. ಕೂವೆಮರಗಳು ಉರುಳಿ ನಿಸ್ಸಹಾಯವಾದ ಜಾವಾ ಶರಣಾಯಿತು. ಗೆದ್ದವರು ಅದಕ್ಕೆ ಬೆಂಕಿಯಿಟ್ಟರು. ನಕ್ಷೆಗಳನ್ನು ಮತ್ತೆ ಬರೆದು ಕಳುಹಿಸಬೇಕಾಯಿತು. ಕಾನ್ಸ್ಟಿಟ್ಯೂಷನ್ ಇವತ್ತಿಗೂ ಬೋಸ್ಟನ್‌ನಲ್ಲಿ ತೇಲುತ್ತಿದೆ. ಟ್ರಿಂಕೋಮಲಿಯ ಹುಟ್ಟನ್ನು ವರ್ಷಗಟ್ಟಲೆ ತಡೆದ ಹಡಗು, ಮತ್ತು ತಡವಾಗಿ ಹುಟ್ಟಿದ ಟ್ರಿಂಕೋಮಲಿ, ಎರಡೂ ಎರಡು ದೇಶಗಳ ತೇಲುವ ಅತಿ ಹಳೆಯ ಯುದ್ಧನೌಕೆಗಳಾಗಿ ಉಳಿದಿವೆ.

1816ರಲ್ಲಿ ಹಡಗಿನ ಬೆನ್ನೆಲುಬಾದ ತಳದ ತೊಲೆಯನ್ನು ಇಟ್ಟರು. ಪಾರಸಿ ಸಂಪ್ರದಾಯದಂತೆ ಆ ದಿನ ಕೆತ್ತನೆಯ ಬೆಳ್ಳಿ ಮೊಳೆಯೊಂದನ್ನು ತೊಲೆಗೆ ಹೊಡೆದರು. ಹಡಗಿಗೆ ಒಳಿತಾಗಲೆಂಬ ಶಾಸ್ತ್ರ ಅದು. ಫಿರಂಗಿ ಅಟ್ಟದ ಉದ್ದ ಸುಮಾರು 46 ಮೀಟರ್, ಅಗಲ ಸುಮಾರು 12 ಮೀಟರ್. ಮುಖ್ಯ ಅಟ್ಟದಲ್ಲಿ 18 ಪೌಂಡ್ ತೂಕದ ಗುಂಡು ಎಸೆಯುವ 28 ಫಿರಂಗಿಗಳಿಗೆ ಜಾಗ. ಮೇಲಿನ ಅಟ್ಟಕ್ಕೆ ಕ್ಯಾರನೇಡ್ ಎಂಬ ಗಿಡ್ಡ ಫಿರಂಗಿಗಳು. ಇವು ಹಗುರ, ಗುಂಡು ಮಾತ್ರ ದೊಡ್ಡದು, ಹತ್ತಿರದ ಹೊಡೆತಕ್ಕೆ ಹೇಳಿ ಮಾಡಿಸಿದವು. ದಾಖಲೆಯಲ್ಲಿ 38 ಫಿರಂಗಿಗಳ ನೌಕೆ ಎಂದು ಬರೆದರೂ ಹೊರುತ್ತಿದ್ದದ್ದು 46. ಕ್ಯಾರನೇಡ್‌ಗಳನ್ನು ಪೂರಾ ಲೆಕ್ಕಕ್ಕೆ ಹಿಡಿಯದ ಹಳೆಯ ರೂಢಿಯಿಂದ ಈ ವ್ಯತ್ಯಾಸ ಬಂದದ್ದು. ಮೂತಿಯಲ್ಲಿ ರುಮಾಲು ಸುತ್ತಿದ ಭಾರತೀಯನೊಬ್ಬನ ಪ್ರತಿಮೆ. ಹೆಸರು ಬಂದದ್ದು ಶ್ರೀಲಂಕಾದ ಪೂರ್ವ ಕರಾವಳಿಯ ಟ್ರಿಂಕೋಮಲಿ ಬಂದರಿನಿಂದ. ಕಟ್ಟಲು ತಗುಲಿದ ವೆಚ್ಚ ಸುಮಾರು 23,000 ಪೌಂಡ್.

1818ರ ಅಕ್ಟೋಬರ್‌ನಲ್ಲಿ ಹಡಗು ಇಂಗ್ಲೆಂಡಿಗೆ ಹೊರಟಿತು. 1819ರ ಜನವರಿಯಲ್ಲಿ ದಾರಿಯ ಸೇಂಟ್ ಹೆಲೆನಾ ದ್ವೀಪದಲ್ಲಿ ತಂಗಿತು. ಆಗ ಅಲ್ಲಿ ನೆಪೋಲಿಯನ್ ಸೆರೆಯಲ್ಲಿದ್ದ. ಅವನಿಗೆ ಚಿಕಿತ್ಸೆ ಕೊಟ್ಟು ಮೇಲಧಿಕಾರಿಗಳ ಸಿಟ್ಟಿಗೆ ಗುರಿಯಾಗಿದ್ದ ಜಾನ್ ಸ್ಟೋಕೋ ಎಂಬ ವೈದ್ಯ ಅಲ್ಲಿಂದ ಇದೇ ಹಡಗಿನಲ್ಲಿ ಊರಿಗೆ ಮರಳಿದ. ಏಪ್ರಿಲ್ 30ರಂದು ಟ್ರಿಂಕೋಮಲಿ ಪೋರ್ಟ್ಸ್‌ಮತ್ ಮುಟ್ಟಿತು. ಅಷ್ಟರಲ್ಲಿ ಅದನ್ನು ಕಟ್ಟಿಸಿದ ಯುದ್ಧವೇ ಮುಗಿದು ನಾಲ್ಕು ವರ್ಷವಾಗಿತ್ತು. ನೂರಾರು ಹಡಗುಗಳಿಗೆ ಕೆಲಸವಿರಲಿಲ್ಲ. ಹೊಚ್ಚಹೊಸ ಫ್ರಿಗೇಟ್‌ನ ಮೇಲಿನ ಕೂವೆಮರಗಳನ್ನು ಕಳಚಿ, ಅಟ್ಟದ ಮೇಲೆ ಚಾವಣಿ ಹೊದಿಸಿ ಕಾಯ್ದಿರಿಸಿದ ಹಡಗುಗಳ ಸಾಲಿಗೆ ಸೇರಿಸಿದರು. 1845ರವರೆಗೆ ಅದು ಅಲ್ಲಿಯೇ ಇತ್ತು.

ಇಪ್ಪತ್ತಾರು ವರ್ಷದ ಈ ನಿಲುಗಡೆ ಹಡಗಿನ ಪಾಲಿಗೆ ವರವಾಯಿತು. ಸಮುದ್ರದ ಮೇಲಿನ ಹಡಗನ್ನು ಅಲೆಗಳು ಸದಾ ತಿರುಚುತ್ತವೆ. ಅಲೆಯ ನೆತ್ತಿಯ ಮೇಲೆ ನಡುಭಾಗ ಕೂತಾಗ ತುದಿಗಳು ಜೋಲುತ್ತವೆ, ಎರಡು ಅಲೆಗಳ ನಡುವೆ ಬಿದ್ದಾಗ ನಡುಭಾಗ ಕುಸಿಯುತ್ತದೆ. ಪ್ರತಿ ಬಾಗುವಿಕೆಯಲ್ಲೂ ಮೊಳೆ, ಜೋಡಣೆಗಳು ತುಸು ಸವೆಯುತ್ತವೆ. ಮಳೆನೀರು ಅಟ್ಟದ ಸಂದುಗಳಿಂದ ಇಳಿದು ಒಳಗೆ ನಿಲ್ಲುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಮರಕ್ಕೆ ಹೆಚ್ಚು ಅಪಾಯಕಾರಿ. ಉಪ್ಪಿನಲ್ಲಿ ಶಿಲೀಂಧ್ರ ಸುಲಭವಾಗಿ ಬೆಳೆಯದು, ಸಿಹಿನೀರಿನ ತೇವದಲ್ಲಿ ಹುಲುಸಾಗಿ ಬೆಳೆಯುತ್ತದೆ. ಚಾವಣಿಯಡಿಯ ಹಡಗಿಗೆ ಈ ಎರಡು ಕಾಟವೂ ಇರಲಿಲ್ಲ. ಲೀಡಾ ವರ್ಗದ 47 ಹಡಗುಗಳಲ್ಲಿ ಉಳಿದಿರುವ ಇನ್ನೊಂದು ಹಡಗು ಸ್ಕಾಟ್ಲೆಂಡಿನ ಡಂಡೀಯಲ್ಲಿರುವ ಯೂನಿಕಾರ್ನ್. 1824ರಲ್ಲಿ ನೀರಿಗಿಳಿದ ಅದಕ್ಕೆ ಕೂವೆಮರವನ್ನೇ ಏರಿಸಲಿಲ್ಲ, ಅಂದು ಹೊದಿಸಿದ ಚಾವಣಿ ಅದರ ಮೇಲೆ ಉಳಿದೇ ಇತ್ತು. ಇದೇ ವರ್ಗದ ಷಾನನ್ 1813ರಲ್ಲಿ ಅಮೆರಿಕದ ಚೆಸಪೀಕ್ ನೌಕೆಯನ್ನು ಸೆರೆಹಿಡಿದು ಮನೆಮಾತಾಗಿತ್ತು, ಅದು ಇಂದು ಇಲ್ಲ.

ನಿಂತ ಹಡಗಿಗೂ ನೀರಿನೊಳಗೆ ಒಂದು ಶತ್ರು ಇದೆ. ಹಡಗುಹುಳು ಎನ್ನುವ ಟೆರೆಡೊ ನಿಜವಾಗಿ ಹುಳುವಲ್ಲ, ಚಿಪ್ಪುಜೀವಿಗಳ ಬಳಗದ್ದು. ಮರಿಯಾಗಿದ್ದಾಗ ಮರಕ್ಕೆ ಸೂಜಿಮೊನೆಯಷ್ಟು ರಂಧ್ರ ಕೊರೆದು ಒಳಹೊಕ್ಕು, ಅಲ್ಲೇ ಬೆಳೆಯುತ್ತ ಸುರಂಗ ತೋಡುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಹಲಗೆ ಒಳಗೆ ಜಾಲರಿಯಾಗಿರುತ್ತದೆ. ತೇಗವೂ ಇದಕ್ಕೆ ಪೂರ್ತಿ ಅಭೇದ್ಯವಲ್ಲ. ಇದಕ್ಕೆ ಮದ್ದಾಗಿ 1761ರಲ್ಲಿ ಅಲಾರ್ಮ್ ಎಂಬ ಫ್ರಿಗೇಟ್‌ನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿದರು. ಅದು ಹುಳುವನ್ನು ತಡೆಯಿತು, ಪಾಚಿಯೂ ಬಾರ್ನಕಲ್‌ಗಳೂ ಅಂಟಲಿಲ್ಲ. ಆದರೆ ತಗಡಿಗೆ ತಾಗಿದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ವಿದ್ಯುತ್ ಕೋಶವೇ ಏರ್ಪಟ್ಟು, ಹೆಚ್ಚು ಚುರುಕಾದ ಲೋಹ ಸವೆಯುತ್ತದೆ. ಈ ಕಾರಣ ಆಗ ಯಾರಿಗೂ ಗೊತ್ತಿರಲಿಲ್ಲ. ಕಷ್ಟಪಟ್ಟು ಕಂಡುಕೊಂಡ ಪರಿಹಾರವೆಂದರೆ ನೀರಿನ ಮಟ್ಟದ ಕೆಳಗೆ ತಾಮ್ರದ ಮಿಶ್ರಲೋಹದ ಮೊಳೆಗಳನ್ನೇ ಬಳಸುವುದು.

ತಾಮ್ರದ ತಗಡೂ ನಿಧಾನವಾಗಿ ಸವೆಯುತ್ತಿತ್ತು, ಬದಲಿಸುವುದು ದುಬಾರಿ. 1823ರಲ್ಲಿ ನೌಕಾಪಡೆ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಸಲಹೆ ಕೇಳಿತು. ತಾಮ್ರಕ್ಕಿಂತ ಚುರುಕಾದ ಸತು ಅಥವಾ ಕಬ್ಬಿಣದ ತುಂಡನ್ನು ತಗಡಿಗೆ ತಾಗಿಸಿದರೆ ಆ ತುಂಡು ಸವೆದು ತಾಮ್ರ ಉಳಿಯುತ್ತದೆ ಎಂದು ಡೇವಿ ತೋರಿಸಿದ. ಇದನ್ನು ಪರೀಕ್ಷಿಸಿದ ಹಡಗುಗಳಲ್ಲಿ ಒಂದು ಕೊಚ್ಚಿಯಲ್ಲಿ ಕಟ್ಟಿ 1822ರಲ್ಲಿ ನೀರಿಗಿಳಿಸಿದ ಸಮರಾಂಗ್. ರಸಾಯನಶಾಸ್ತ್ರ ಗೆದ್ದಿತು, ತಾಮ್ರ ಉಳಿಯಿತು. ಜೀವಶಾಸ್ತ್ರ ಬೇರೆ ತೀರ್ಪು ಕೊಟ್ಟಿತು. ತಾಮ್ರ ಕರಗಿ ನೀರಿಗೆ ಸೇರುತ್ತಿದ್ದರಿಂದಲೇ ಜೀವಿಗಳು ಹತ್ತಿರ ಬರುತ್ತಿರಲಿಲ್ಲ. ಕರಗುವುದು ನಿಂತಾಗ ಪಾಚಿಯೂ ಚಿಪ್ಪುಜೀವಿಗಳೂ ಮುತ್ತಿಕೊಂಡು ಹಡಗಿನ ವೇಗ ಕುಸಿಯಿತು. ನೌಕಾಪಡೆ ಆ ಕ್ರಮವನ್ನು ಕೈಬಿಟ್ಟಿತು. ಡೇವಿಯ ತತ್ವ ಮಾತ್ರ ಸೋಲಲಿಲ್ಲ. ಇಂದಿನ ಉಕ್ಕಿನ ಹಡಗುಗಳ ತಳಕ್ಕೂ ಕೊಳವೆಮಾರ್ಗಗಳಿಗೂ ರಕ್ಷಣೆ ಕೊಡುತ್ತಿರುವುದು ಅದೇ.

1845ರಲ್ಲಿ ಟ್ರಿಂಕೋಮಲಿಯನ್ನು ಹೊರತೆಗೆದಾಗ ಕಾಲ ಬದಲಾಗಿತ್ತು. ಸಣ್ಣ ಗುಂಡಿನ ಬಹಳ ಫಿರಂಗಿಗಳ ಬದಲು ದೊಡ್ಡ ಗುಂಡಿನ ಕೆಲವೇ ಫಿರಂಗಿಗಳಿರಬೇಕೆಂಬ ಅಭಿಪ್ರಾಯ ಬೇರೂರಿತ್ತು. ಹಡಗಿನ ಫಿರಂಗಿಗಳನ್ನು 26ಕ್ಕೆ ಇಳಿಸಿ, ದರ್ಜೆಯನ್ನು ಫ್ರಿಗೇಟ್‌ಗಿಂತ ಕೆಳಗಿನ ಕಾರ್ವೆಟ್ ಎಂದು ಬದಲಿಸಿದರು. ಹಿಂಭಾಗವನ್ನೂ ಹೊಸದಾಗಿ ಕಟ್ಟಿದರು. ಹಳೆಯ ಹಡಗುಗಳ ಚಪ್ಪಟೆ ಹಿಂಬದಿ ತೆಳು ಹಲಗೆ, ಗಾಜಿನ ಕಿಟಕಿಗಳಿಂದ ಆದದ್ದು. ಶತ್ರು ಹಿಂದಿನಿಂದ ಹೊಡೆದ ಗುಂಡು ಅಟ್ಟದ ಉದ್ದಕ್ಕೂ ಸೀಳಿಕೊಂಡು ಹೋಗುತ್ತಿತ್ತು. ಅಂಡಾಕಾರಕ್ಕೆ ಬಾಗಿಸಿ ತೊಲೆಗಳನ್ನು ಸೇರಿಸಿದ್ದರಿಂದ ಹಿಂಬದಿ ಗಟ್ಟಿಯಾಯಿತು, ಅಲ್ಲಿಂದಲೂ ಫಿರಂಗಿ ಹಾರಿಸಲು ಕೋನಗಳು ಸಿಕ್ಕವು.

ಮೊದಲ ಸೇವೆ ಆರಂಭವಾದದ್ದು 1847ರ ಸೆಪ್ಟೆಂಬರ್‌ನಲ್ಲಿ, ಹಡಗಿಗೆ ಮೂವತ್ತು ವರ್ಷ ತುಂಬುವ ಹೊತ್ತಿಗೆ. ಕ್ಯಾಪ್ಟನ್ ರಿಚರ್ಡ್ ಲೇರ್ಡ್ ವಾರನ್ ನಾಯಕತ್ವದಲ್ಲಿ ಅದು ಉತ್ತರ ಅಮೆರಿಕ ಹಾಗೂ ವೆಸ್ಟ್ ಇಂಡೀಸ್ ವಲಯಕ್ಕೆ ಹೋಯಿತು. ಗುಲಾಮರ ಸಾಗಣೆಯನ್ನು ತಡೆಯುವ ಗಸ್ತು, ಹೈತಿಯಲ್ಲಿ ಗಲಭೆಯ ಸಮಯದ ಕಾವಲು, ಕ್ಯೂಬಾದ ಮೇಲೆ ನಡೆಯಲಿದ್ದ ದಾಳಿಗೆ ತಡೆ ಅದರ ಕೆಲಸಗಳಾಗಿದ್ದವು. 1849ರಲ್ಲಿ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್ ಕಡಲಿಗೆ ಹೋಗಿ, 1850ರಲ್ಲಿ ಊರಿಗೆ ಮರಳಿತು.

ಎರಡನೆಯ ಸೇವೆ ದೀರ್ಘ. 1852ರಲ್ಲಿ ಕ್ಯಾಪ್ಟನ್ ವಾಲೆಸ್ ಹೌಸ್ಟನ್ ನಾಯಕತ್ವದಲ್ಲಿ ಹೊರಟ ಹಡಗು ಪೆಸಿಫಿಕ್ ದಳಕ್ಕೆ ಸೇರಿತು. ಸಮಭಾಜಕದ ಸೆಕೆಯಿಂದ ಬೇರಿಂಗ್ ಜಲಸಂಧಿಯ ಹಿಮದವರೆಗೆ ಅದರ ಓಡಾಟ. ಉತ್ತರ ಧ್ರುವ ಪ್ರದೇಶದಲ್ಲಿ ಹಾದಿ ಹುಡುಕುತ್ತ 1845ರಲ್ಲಿ ಹೊರಟ ಜಾನ್ ಫ್ರಾಂಕ್ಲಿನ್ ತನ್ನ ಎರಡು ಹಡಗುಗಳೊಂದಿಗೆ ಕಣ್ಮರೆಯಾಗಿದ್ದ. ಅವನನ್ನು ಹುಡುಕಲು ಅಲಾಸ್ಕಾದ ಕಡೆ ಪ್ಲೋವರ್ ಎಂಬ ಹಡಗು ಚಳಿಗಾಲಗಳನ್ನು ಕಳೆಯುತ್ತಿತ್ತು. 1854ರ ಬೇಸಿಗೆಯಲ್ಲಿ ಟ್ರಿಂಕೋಮಲಿ ಪೋರ್ಟ್ ಕ್ಲಾರೆನ್ಸ್‌ವರೆಗೆ ಹೋಗಿ ಆ ತಂಡಕ್ಕೆ ಆಹಾರ ಸಾಮಗ್ರಿ ಒದಗಿಸಿತು. ಅದೇ ವರ್ಷ ಕ್ರಿಮಿಯಾ ಯುದ್ಧದ ಭಾಗವಾಗಿ ಪೆಸಿಫಿಕ್ ದಳ ರಷ್ಯಾದ ಪೆಟ್ರೊಪಾವ್ಲೊವ್ಸ್ಕ್ ಮೇಲೆ ದಾಳಿ ಮಾಡಿ ಸೋತಿತು. ಟ್ರಿಂಕೋಮಲಿ ಆ ದಾಳಿಯಲ್ಲಿ ಇರಲಿಲ್ಲ. ಕಾಡಿನ ತಂಪಿನಲ್ಲಿ ಬೆಳೆದು ಮುಂಬಯಿಯ ಬಿಸಿಲಿನಲ್ಲಿ ಹಡಗಾದ ಮರ ಮಂಜುಗಡ್ಡೆಯ ಕಡಲನ್ನೂ ತಡೆದುಕೊಂಡಿತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ಈ ಸೇವೆಯ ಒಂದು ಪುಟ ಓದಲು ಹಿತವಾದುದಲ್ಲ. 1856ರಲ್ಲಿ ವ್ಯಾಂಕೂವರ್ ದ್ವೀಪದ ಕೌವಿಚನ್ ಎಂಬಲ್ಲಿ ತತ್ಲಾಸುಟ್ ಎಂಬ ಮೂಲನಿವಾಸಿ ಒಬ್ಬ ಬಿಳಿಯ ವಲಸಿಗನ ಮೇಲೆ ಗುಂಡು ಹಾರಿಸಿದ. ಗವರ್ನರ್ ಜೇಮ್ಸ್ ಡಗ್ಲಾಸ್ ಸುಮಾರು 400 ಜನರ ಪಡೆಯನ್ನು ಟ್ರಿಂಕೋಮಲಿಯಲ್ಲಿ ತುಂಬಿಕೊಂಡು ಅಲ್ಲಿಗೆ ಹೋದ. ಸ್ಥಳದಲ್ಲೇ ವಿಚಾರಣೆ ನಡೆಸಿ, ತತ್ಲಾಸುಟ್‌ನನ್ನು ಅವನ ಜನರೆದುರೇ ಗಲ್ಲಿಗೇರಿಸಿದರು. ಸಾಮ್ರಾಜ್ಯ ತನ್ನ ಯುದ್ಧನೌಕೆಗಳಿಂದ ಮಾಡಿಸಿಕೊಂಡ ನಿತ್ಯದ ಕೆಲಸ ಇಂಥದ್ದೇ ಆಗಿತ್ತು, ಮತ್ತು ಹಡಗನ್ನು ಮೆಚ್ಚುವವರು ಇದನ್ನು ಮರೆಮಾಚಬಾರದು. ಆ ಕರಾವಳಿಯ ಟ್ರಿಂಕೋಮಲಿ ಕಾಲುವೆಯೂ ಹೌಸ್ಟನ್ ಜಲಮಾರ್ಗವೂ ಹಡಗಿನ, ಅದರ ನಾಯಕನ ಹೆಸರನ್ನು ಇಂದಿಗೂ ಹೊತ್ತಿವೆ.

1857ರಲ್ಲಿ ಹಡಗು ಮರಳಿದಾಗ ಹಾಯಿಯ ಯುಗ ಮುಗಿಯುತ್ತಿತ್ತು. ಉಗಿಯಂತ್ರ, ಚಾಲಕ ಪಂಕ ಇಲ್ಲದ ಯುದ್ಧನೌಕೆಗೆ ಮುಂಚೂಣಿಯಲ್ಲಿ ಜಾಗವಿರಲಿಲ್ಲ. 1861ರಿಂದ ಅದು ಮೀಸಲು ನಾವಿಕರ ತರಬೇತಿ ಹಡಗಾಯಿತು. ಮೊದಲು ಸಂಡರ್‌ಲ್ಯಾಂಡ್, ಮರುವರ್ಷ ವೆಸ್ಟ್ ಹಾರ್ಟ್ಲ್‌ಪೂಲ್, ಅಲ್ಲಿಂದ 1863ರಲ್ಲಿ ಸೌತಾಂಪ್ಟನ್. ಹೀಗೆ ಮೂರು ದಶಕ ಕಳೆದು, 1897ರ ಮೇ ತಿಂಗಳಲ್ಲಿ ಪೋರ್ಟ್ಸ್‌ಮತ್‌ನ ಹಡಗು ಒಡೆಯುವವರಿಗೆ ಮಾರಾಟವಾಯಿತು.

ಅದನ್ನು ಉಳಿಸಿದ್ದು ಇನ್ನೊಂದು ಹಡಗಿನ ಸಾವು. ಜಾರ್ಜ್ ವೀಟ್ಲಿ ಕಾಬ್ ಎಂಬ ಶ್ರೀಮಂತ ಉತ್ಸಾಹಿ ಹಿಂದೊಮ್ಮೆ ನೆಲ್ಸನ್‌ನ ಧ್ವಜನೌಕೆಯಾಗಿದ್ದ ಫೂದ್ರ್ವಾಯಾಂ ಎಂಬ ಹಡಗನ್ನು ಕೊಂಡು ಹುಡುಗರ ತರಬೇತಿಗೆ ಬಳಸುತ್ತಿದ್ದ. 1897ರ ಜೂನ್ 16ರಂದು ಬಿರುಗಾಳಿಗೆ ಸಿಕ್ಕಿ ಅದು ಬ್ಲ್ಯಾಕ್‌ಪೂಲ್ ತೀರಕ್ಕೆ ಬಡಿದು ಒಡೆಯಿತು. ಕಾಬ್ ಅದರ ಮರದಿಂದ ಮಾಡಿದ ನೆನಪಿನ ವಸ್ತುಗಳನ್ನು ಮಾರಿ ಹಣ ಕೂಡಿಸಿದ, ಒಡೆಯುವವರಿಂದ ಟ್ರಿಂಕೋಮಲಿಯನ್ನು ಕೊಂಡು ದುರಸ್ತಿ ಮಾಡಿಸಿ ಒಡೆದ ಹಡಗಿನ ಹೆಸರನ್ನೇ ಅದಕ್ಕಿಟ್ಟ. ಫೂದ್ರ್ವಾಯಾಂ ಆಗಿ ಫಾಲ್ಮತ್‌ನಲ್ಲೂ ಆಮೇಲೆ ಪೋರ್ಟ್ಸ್‌ಮತ್‌ನಲ್ಲೂ 1986ರವರೆಗೆ ಹಡಗು ಎಳೆಯರಿಗೆ ಕಡಲ ಜೀವನ ಕಲಿಸಿತು.

ಆ ಕಾಲದಲ್ಲಿ ಅದರ ಪಕ್ಕದಲ್ಲಿ ಲಂಗರು ಹಾಕಿದ್ದ ಇಂಪ್ಲೇಕಬಲ್‌ನ ಕಥೆ ಬೇರೆಯಾಯಿತು. 1800ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, 1805ರಲ್ಲಿ ಟ್ರಫಾಲ್ಗರ್ ಕಾಳಗದಲ್ಲಿ ಹೋರಾಡಿದ ಓಕ್ ಹಡಗು ಅದು. ಎರಡನೆಯ ಮಹಾಯುದ್ಧದ ನಂತರದ ಬಡತನದಲ್ಲಿ ದುರಸ್ತಿಗೆ ಹಣ ಹುಟ್ಟಲಿಲ್ಲ. 1949ರ ಡಿಸೆಂಬರ್ 2ರಂದು ಇಂಗ್ಲಿಷ್ ಕಾಲುವೆಯಲ್ಲಿ ಫ್ರಾನ್ಸ್, ಬ್ರಿಟನ್ ಎರಡೂ ದೇಶಗಳ ಬಾವುಟ ಹಾರಿಸಿ, ಸ್ಫೋಟಕ ಸಿಡಿಸಿ ಅದನ್ನು ಮುಳುಗಿಸಿದರು. ಕಂಡವರಲ್ಲಿ ಅದು ಎಬ್ಬಿಸಿದ ಸಂಕಟ ಬ್ರಿಟನ್ನಿನಲ್ಲಿ ಹಳೆಯ ಹಡಗುಗಳ ಸಂರಕ್ಷಣೆಗೆ ಬಲ ಕೊಟ್ಟಿತು.

1987ರಲ್ಲಿ ಹಡಗನ್ನು ತೇಲುವ ವೇದಿಕೆಯ ಮೇಲಿಟ್ಟು ಹಾರ್ಟ್ಲ್‌ಪೂಲ್‌ಗೆ ತಂದರು. ವಾರಿಯರ್ ನೌಕೆಯನ್ನು ಪುನರುಜ್ಜೀವನಗೊಳಿಸಿದ ಕುಶಲಕರ್ಮಿಗಳು ಅಲ್ಲಿದ್ದರು. 1990ರಲ್ಲಿ ಕೆಲಸ ಆರಂಭವಾಯಿತು, 1992ರಲ್ಲಿ ಟ್ರಿಂಕೋಮಲಿ ಎಂಬ ಹುಟ್ಟುಹೆಸರು ಮರಳಿ ಬಂತು, 2001ರಲ್ಲಿ ದುರಸ್ತಿ ಪೂರ್ಣಗೊಂಡಿತು. ಒಳಗನ್ನು ಬಿಚ್ಚಿ ನೋಡಿದಾಗ ಕಂಡದ್ದು ಜಮ್‌ಶೆಟ್‌ಜಿಯ ಕೆಲಸಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ: ಹಡಗಿನ ಮರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮುಂಬಯಿಯಲ್ಲಿ ಜೋಡಿಸಿದ ಮೂಲ ತೇಗವೇ. ಈಗ ಅದು ರಾಜ ನೌಕಾಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಭಾಗ, ಯಾರು ಬೇಕಾದರೂ ಹತ್ತಿ ನೋಡಬಹುದು. ಅತ್ತ ಮುಂಬಯಿಯ ಡಂಕನ್ ಡಾಕ್ ಭಾರತೀಯ ನೌಕಾಪಡೆಯ ಕೈಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ನಮ್ಮ ಶಾಲೆಯ ಪಠ್ಯಗಳು ನೆಲ್ಸನ್‌ನ ಹಡಗನ್ನು ಹೆಸರಿಸುವಾಗ ಜಮ್‌ಶೆಟ್‌ಜಿ ಬೊಮನ್‌ಜಿಯ ಹಡಗನ್ನೂ ಹೆಸರಿಸಬೇಕು.